ತಿರುಗಿ ಹೇಳಿದ ಮಾತು

ಈ ವಾರದ ಟಪಾಲಿನಲ್ಲಿ ಮೂರು ಪತ್ರಗಳು ಕಲಬುರಗಿ ಜಿಲ್ಲೆಯಿಂದ ಬಂದಿವೆ. ಮೂರೂ ವಿಮಾನದ ಬಗ್ಗೆಯೇ. ಕೂಡಿ ಮಾತಾಡಿಕೊಂಡು ಬರೆದಂತಿವೆ, ಆದರೆ ಒಂದು ಆಳಂದದ್ದು, ಒಂದು ಅಫಜಲಪುರದ್ದು, ಇನ್ನೊಂದು ಜೇವರ್ಗಿಯದು.

ಆಳಂದದ ಆರನೇ ತರಗತಿಯ ಹುಡುಗ ಬರೆದಿದ್ದಾನೆ: "ಸರ್, ಸಂಜಿಗಿ ನಮ್ಮ ಮನಿ ಮ್ಯಾಲಿಂದ ವಿಮಾನ ಹೋಗ್ತಾವ. ಒಂದರ ಬಿಳಿ ಗೆರಿ ಇನ್ನೊಂದರ ಗೆರಿ ದಾಟತದ. ಅವು ಒಂದಕ್ಕೊಂದು ಡಿಕ್ಕಿ ಹೊಡ್ಯಂಗಿಲ್ಲೇನ್ರಿ?" ಅಫಜಲಪುರದ ಹುಡುಗಿ ರಜೆಯಲ್ಲಿ ಮಾವನ ಸಂಗಡ ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗಿ ಬಂದಿದ್ದಾಳೆ. ವಿಮಾನ ರನ್‌ವೇಯ ಹತ್ತಿರ ಹೋಗಿ ಸುಮ್ಮನೆ ನಿಂತುಬಿಟ್ಟಿತಂತೆ. ಯಾಕೆ ಅಂತ ಕೇಳಿದರೆ ಮಾವನಿಗೂ ಗೊತ್ತಿರಲಿಲ್ಲವಂತೆ. ಜೇವರ್ಗಿಯ ಪತ್ರ ಒಬ್ಬ ತಾಯಿಯದು. ಮಗ ಒಂಬತ್ತನೇ ತರಗತಿ, ಪೈಲಟ್ ಆಗುತ್ತೇನೆಂದು ಹಟ ಹಿಡಿದಿದ್ದಾನೆ. "ಪರ್ಮಿಷನ್ ಇಲ್ದೆ ವಿಮಾನ ಹಾರಿಸ್ಯಾರಂತ ಪೇಪರಿನ್ಯಾಗ ಓದಿದ್ದೆ. ಹಂಗೂ ಆಗತದೇನ್ರಿ? ಮಗನ್ನ ಈ ಕೆಲಸಕ್ಕ ಕಳಿಸಬೇಕೋ ಬ್ಯಾಡೋ, ನೀವೇ ಹೇಳ್ರಿ" ಎಂದು ಕೇಳಿದ್ದಾರೆ.

ಆಳಂದದ ಪ್ರಶ್ನೆಗೆ ಉತ್ತರ ಸುಲಭ. ಭಾರತದ ನಕಾಶೆ ತೆಗೆದು ಮುಂಬಯಿಗೂ ಹೈದರಾಬಾದಿಗೂ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಗೆರೆ ಆಳಂದದ ಹತ್ತಿರವೇ ಹಾದುಹೋಗುತ್ತದೆ. ಅದಕ್ಕೇ ಊರಿನ ಮೇಲೆ ಅಷ್ಟು ಓಡಾಟ. ಕೆಳಗಿನಿಂದ ನೋಡುವವರಿಗೆ ಆಕಾಶ ಚಪ್ಪಟೆ ಹಲಗೆಯಂತೆ ಕಾಣುತ್ತದೆ, ಆದರೆ ಅದು ಅನೇಕ ಮಹಡಿಗಳ ಮನೆ. ಒಂದು ವಿಮಾನಕ್ಕೂ ಅದರ ಮೇಲಿನದಕ್ಕೂ ಸಾಮಾನ್ಯವಾಗಿ ಕನಿಷ್ಠ 1000 ಅಡಿ ಅಂತರ. ಪೂರ್ವದ ಕಡೆಗೆ ಹೋಗುವವು ಬೆಸ ಸಾವಿರಗಳಲ್ಲಿ, ಅಂದರೆ 33 ಸಾವಿರ, 35 ಸಾವಿರ ಅಡಿಯಲ್ಲಿ ಹಾರುತ್ತವೆ. ಪಶ್ಚಿಮಕ್ಕೆ ಹೋಗುವವು ಸಮ ಸಾವಿರಗಳಲ್ಲಿ, 34, 36 ಹೀಗೆ. ಮುಂಬಯಿಯಿಂದ ಬರುವುದು ಒಂದು ಮಹಡಿ, ಮುಂಬಯಿಗೆ ಹೋಗುವುದು ಇನ್ನೊಂದು ಮಹಡಿ. ಗೆರೆಗಳು ದಾಟಿದಂತೆ ಕಂಡರೂ ವಿಮಾನಗಳು ದಾಟಿರುವುದಿಲ್ಲ.

ಮೇಲೆ ಹೋಗಿ ನೆಲೆಸಿದ ಮೇಲೆ ಇದೆಲ್ಲ ಸರಾಗ. ಕಷ್ಟ ಇರುವುದು ಏರುವಾಗ. ನೆಲ ಬಿಟ್ಟ ವಿಮಾನ ತನ್ನ ಮಹಡಿಗೆ ಹೋಗಬೇಕಾದರೆ ನಡುವಿನ ಮಹಡಿಗಳನ್ನೆಲ್ಲ ಹಾದು ಹೋಗಬೇಕು. ಅದೇ ಹೊತ್ತಿಗೆ ಅದೇ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಮೇಲಿನಿಂದ ಬರುತ್ತಿರುತ್ತವೆ. ಮಾಳಿಗೆಯ ಒಂದೇ ಮೆಟ್ಟಿಲಲ್ಲಿ ತುಂಬಿದ ಕೊಡ ಹೊತ್ತು ಒಬ್ಬರು ಏರುತ್ತ, ಇನ್ನೊಬ್ಬರು ಖಾಲಿ ಕೊಡ ಹಿಡಿದು ಇಳಿಯುತ್ತ ಇದ್ದ ಹಾಗೆ. ಅದಕ್ಕಾಗಿ ಹೊರಡುವ ಮೊದಲೇ ಪೈಲಟ್‌ಗೆ ಒಂದು ಅನುಮತಿ ಸಿಗಬೇಕು. ಇದಕ್ಕೆ ಡಿಪಾರ್ಚರ್ ಕ್ಲಿಯರೆನ್ಸ್ ಎನ್ನುತ್ತಾರೆ. ನಾನು ಇದನ್ನು ಹೊರಡುವ ಚೀಟಿ ಎಂದು ಕರೆಯುತ್ತೇನೆ. ಅದು ಹೆಚ್ಚಾಗಿ ಬಾಯಿಮಾತಿನಲ್ಲಿ, ರೇಡಿಯೋದಲ್ಲಿ ಬರುವ ಚೀಟಿ. ದೊಡ್ಡ ನಿಲ್ದಾಣಗಳಲ್ಲಿ ಈಗ ಪರದೆಯ ಮೇಲೆ ಅಕ್ಷರದಲ್ಲೂ ಬರುತ್ತದೆ.

ಆ ಚೀಟಿಯಲ್ಲಿ ಏನಿರುತ್ತದೆ? ಯಾವ ಊರಿನವರೆಗೆ, ಯಾವ ದಾರಿಯಲ್ಲಿ, ಮೊದಲಿಗೆ ಎಷ್ಟು ಎತ್ತರಕ್ಕೆ, ಮೇಲೇರಿದ ಮೇಲೆ ಯಾರ ಹತ್ತಿರ ಯಾವ ತರಂಗದಲ್ಲಿ ಮಾತಾಡಬೇಕು, ಮತ್ತೆ ಕೊನೆಗೆ ನಾಲ್ಕು ಅಂಕಿಯ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಪೈಲಟ್ ಒಂದು ಯಂತ್ರಕ್ಕೆ ಕೊಟ್ಟರೆ, ರಾಡಾರ್ ಪರದೆಯ ಮೇಲಿನ ಚುಕ್ಕಿ ಯಾವ ವಿಮಾನದ್ದೆಂದು ಕೆಳಗಿನವರಿಗೆ ತಿಳಿಯುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಹೊರಡುವ ದಾರಿಗಳನ್ನು ಮೊದಲೇ ಗೆರೆ ಹಾಕಿ ಹೆಸರಿಟ್ಟಿರುತ್ತಾರೆ. ಇಂಥ ಹೆಸರಿನ ದಾರಿ ಎಂದರೆ ಸಾಕು, ಎಲ್ಲಿ ತಿರುಗಬೇಕು, ಎಲ್ಲಿ ಎಷ್ಟು ಎತ್ತರದಲ್ಲಿರಬೇಕು ಎಂಬುದೆಲ್ಲ ಅದರೊಳಗೇ ಬಂತು.

ಅಫಜಲಪುರದ ಹುಡುಗಿಯ ಪ್ರಶ್ನೆಗೆ ಈಗ ಬರೋಣ. ಈ ಚೀಟಿ ಸಿಕ್ಕಿತೆಂದರೆ ಹಾರಬಹುದು ಎಂದಲ್ಲ. ಬಸ್ ನಿಲ್ದಾಣದಲ್ಲಿ ನೋಡಿರುತ್ತೀರಿ. ಅಫಜಲಪುರದ ಬೋರ್ಡ್ ಹಾಕಿದ್ದಾರೆ, ಜನ ಹತ್ತಿ ಕೂತಿದ್ದಾರೆ, ಟಿಕೆಟ್ಟೂ ಕೊಟ್ಟಾಗಿದೆ. ಆದರೂ ಕಂಡಕ್ಟರ್ "ರೈಟ್, ರೈಟ್" ಎನ್ನುವ ತನಕ ಡ್ರೈವರ್ ಬಸ್ ಬಿಡುವುದಿಲ್ಲ. ಬೋರ್ಡ್ ಬೇರೆ, ರೈಟ್ ಬೇರೆ. ವಿಮಾನದಲ್ಲೂ ದಾರಿಯ ಅನುಮತಿ ಬೇರೆ, ನೆಲ ಬಿಡುವ ಅನುಮತಿ ಬೇರೆ. ಎರಡನೆಯದಕ್ಕೆ ಟೇಕಾಫ್ ಕ್ಲಿಯರೆನ್ಸ್ ಎಂದು ಹೆಸರು. ಕಲಬುರಗಿಯಂಥ ಚಿಕ್ಕ ನಿಲ್ದಾಣದ ಟವರಿನವರು ಮೇಲಿನ ಆಕಾಶವನ್ನು ನೋಡಿಕೊಳ್ಳುವ ದೊಡ್ಡ ಕೇಂದ್ರದವರನ್ನು ಕೇಳಿ ದಾರಿ ಹೇಳಬೇಕಾಗುತ್ತದೆ. ಇಳಿಯುವ ವಿಮಾನವೊಂದು ಹತ್ತಿರ ಬಂದಿದ್ದರೆ ಅದಕ್ಕೂ ಕಾಯಬೇಕು. ನಿನ್ನ ವಿಮಾನ ಸುಮ್ಮನೆ ನಿಂತಿರಲಿಲ್ಲ ತಾಯಿ, "ರೈಟ್" ಕೇಳಲು ನಿಂತಿತ್ತು. ಸೇಡಂ ರಸ್ತೆಯಲ್ಲಿ ಶ್ರೀನಿವಾಸ ಸರಡಗಿಯ ಹತ್ತಿರ ಇರುವ ಆ ನಿಲ್ದಾಣ 2019ರ ನವೆಂಬರ್ 22ರಂದು ಆರಂಭವಾಯಿತು. ರನ್‌ವೇಯ ಉದ್ದ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಉದ್ದದ ದಾರಿ ಖಾಲಿ ಬಿದ್ದಿದ್ದರೂ ಕಾಯಬೇಕೆ ಎಂದು ಕೇಳಬಹುದು. ಕಾಯಲೇಬೇಕು. ಖಾಲಿ ಇದೆ ಎಂಬುದು ಪೈಲಟ್‌ನ ಕಣ್ಣಿಗೆ ಕಂಡ ಮಾತು, ಅನುಮತಿ ಅಲ್ಲ.

ಚೀಟಿ ಕೇಳಿಸಿಕೊಂಡ ಪೈಲಟ್ ಅದನ್ನು ಬರೆದುಕೊಂಡು ಹಾಗೆಯೇ ತಿರುಗಿ ಓದಿ ಹೇಳಬೇಕು. ಹೇಳಿದವರು ಅದನ್ನು ಕಿವಿಗೊಟ್ಟು ಕೇಳಿ "ಸರಿ" ಎನ್ನಬೇಕು. ಸಿನಿಮಾದಲ್ಲಿ ಪೈಲಟ್‌ಗಳು ಎಲ್ಲದಕ್ಕೂ "ರೋಜರ್" ಅನ್ನುತ್ತಾರಲ್ಲ, ಇಲ್ಲಿ ಅದು ನಡೆಯುವುದಿಲ್ಲ. ರೋಜರ್ ಎಂದರೆ ಕೇಳಿಸಿತು ಎಂದಷ್ಟೇ. ಏನು ಕೇಳಿಸಿತು ಎಂಬುದೇ ಮುಖ್ಯ. ಅಂಕಿಗಳನ್ನೂ ಒಂದೊಂದಾಗಿ ಬಿಡಿಸಿ ಹೇಳುತ್ತಾರೆ. ಬೆಂಗಳೂರಿನ ರನ್‌ವೇಗೆ ಪಶ್ಚಿಮಕ್ಕೆ ಮುಖ ಮಾಡಿದಾಗ 27 ಎಂದು ಹೆಸರು, ಏಕೆಂದರೆ ದಿಕ್ಸೂಚಿಯಲ್ಲಿ ಪಶ್ಚಿಮ 270 ಡಿಗ್ರಿ. ಅದನ್ನು ಇಪ್ಪತ್ತೇಳು ಎನ್ನದೆ "ಟೂ ಸೆವೆನ್" ಎನ್ನುತ್ತಾರೆ. ಒಂಬತ್ತಕ್ಕೆ "ನೈನರ್", ಐದಕ್ಕೆ "ಫೈಫ್", ಮೂರಕ್ಕೆ "ಟ್ರೀ". ಗರಗರ ಸದ್ದಿನ ರೇಡಿಯೋದಲ್ಲಿ ಫೈವ್ ಮತ್ತು ನೈನ್ ಒಂದೇ ಥರ ಕೇಳಬಾರದಲ್ಲ, ಅದಕ್ಕೆ. ಈ ಜಾಣತನ ನಮಗೂ ಬೇಕಿತ್ತು. ತರಕಾರಿ ಸಂತೆಯ ಗದ್ದಲದಲ್ಲಿ "ಇಪ್ಪತ್ತು" ಮತ್ತು "ಎಪ್ಪತ್ತು" ಎಷ್ಟು ಜಗಳ ಹಚ್ಚಿವೆಯೋ! "ಎರಡು ಸೊನ್ನೆ", "ಏಳು ಸೊನ್ನೆ" ಎಂದಿದ್ದರೆ ಜಗಳವೇ ಇಲ್ಲ.

ಇಷ್ಟೆಲ್ಲ ಇದ್ದರೂ ತಪ್ಪಾಗುತ್ತದೆಯೇ? ಆಗುತ್ತದೆ. ಜೇವರ್ಗಿಯ ತಾಯಿಗೆ ನಾನು ಸುಳ್ಳು ಹೇಳಲಾರೆ.

ಮನುಷ್ಯನ ಕಿವಿ ತಾನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಳ್ಳುತ್ತದೆ. ದಿನಾ ತೊಗರಿಬೇಳೆ ತರುವ ಹುಡುಗನಿಗೆ ಒಂದು ದಿನ ಹೆಸರುಬೇಳೆ ತಾ ಅಂದರೆ, ಹೂಂ ಎಂದು ಹೋಗಿ ತೊಗರಿಬೇಳೆಯನ್ನೇ ಹಿಡಿದು ಬರುತ್ತಾನೆ. ಅವನು ಸೋಮಾರಿಯಲ್ಲ. ತಲೆಯಲ್ಲಿ ತೊಗರಿ ಮೊದಲೇ ಕೂತಿತ್ತು, ಅಷ್ಟೆ. ದಿನಾ ಒಂದೇ ದಾರಿಯಲ್ಲಿ ಹೊರಡುವ ಪೈಲಟ್‌ಗೆ ಇವತ್ತು ಬೇರೆ ದಾರಿ ಕೊಟ್ಟರೆ, ಹಳೆಯದೇ ಕೇಳಿಸಬಹುದು. ಅಥವಾ ಸರಿಯಾಗಿ ಕೇಳಿಸಿ, ತಿರುಗಿಯೂ ಹೇಳಿ, ಕಂಪ್ಯೂಟರಿನಲ್ಲಿ ಮಾತ್ರ ಹಳೆಯ ದಾರಿ ಉಳಿದಿರಬಹುದು. ಕೊನೇ ಗಳಿಗೆಯಲ್ಲಿ ಗಾಳಿ ತಿರುಗಿ ರನ್‌ವೇ ಬದಲಾದಾಗ ಇದು ಆಗುವ ಸಾಧ್ಯತೆ ಹೆಚ್ಚು. ರನ್‌ವೇ ಬದಲಾದರೆ ದಾರಿಯೂ ಬದಲಾಗುತ್ತದೆ, ಎಲ್ಲವನ್ನೂ ಮತ್ತೆ ತುಂಬಬೇಕು, ಹಿಂದೆ ಜನ ಕಾಯುತ್ತಿದ್ದಾರೆ, ಗಡಿಯಾರ ಓಡುತ್ತಿದೆ. ಎತ್ತರದಲ್ಲಿ ಹತ್ತು ಸಾವಿರ ಮತ್ತು ಹನ್ನೊಂದು ಸಾವಿರ ಪೈಲಟ್‌ಗಳನ್ನು ಬಹಳ ಸಲ ಮೋಸ ಮಾಡಿದ ಜೋಡಿ. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರೆ "ಒನ್ ಝೀರೋ", "ಒನ್ ಒನ್". ಒಂದು ಮಹಡಿಯ ವ್ಯತ್ಯಾಸ, ಕಿವಿಗೆ ಅರ್ಧ ಉಸಿರಿನ ವ್ಯತ್ಯಾಸ. ಒಂದೇ ಕಂಪನಿಯ ಎರಡು ವಿಮಾನಗಳ ನಂಬರು ಹೋಲುವಂತಿದ್ದರೆ ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರು ತಮಗೆಂದು ತಿಳಿಯುವುದೂ ಉಂಟು.

ತಾಯಿ ಪೇಪರಿನಲ್ಲಿ ಓದಿದ್ದು ನಿಜ. 2021ರ ಡಿಸೆಂಬರ್ 30ರಂದು ರಾಜಕೋಟದಿಂದ ದಿಲ್ಲಿಗೆ ಹೊರಟ ಸ್ಪೈಸ್‌ಜೆಟ್ ವಿಮಾನ ಟವರಿನ ಅನುಮತಿ ಪಡೆಯದೆ ಹಾರಿತು. 2024ರ ಜನವರಿಯಲ್ಲಿ ದಿಲ್ಲಿಯಿಂದ ಅಜರ್‌ಬೈಜಾನಿನ ಬಾಕುಗೆ ಹೊರಟ ಇಂಡಿಗೋ ವಿಮಾನದ ಮೇಲೂ ಅದೇ ದೂರು ಬಂತು. ವಿಮಾನಯಾನದ ಮೇಲ್ವಿಚಾರಣೆ ಮಾಡುವ ಡಿಜಿಸಿಎ ಎರಡನ್ನೂ ತನಿಖೆಗೆ ತೆಗೆದುಕೊಂಡಿತು. ಎರಡರಲ್ಲೂ ಯಾರಿಗೂ ಏನೂ ಆಗಲಿಲ್ಲ. ಬೋರ್ಡನ್ನೇ ರೈಟ್ ಎಂದು ತಿಳಿದ ಜಾತಿಯ ತಪ್ಪು ಇವು.

ಯಾರಿಗೂ ಏನೂ ಆಗಲಿಲ್ಲ ಎಂದು ನಿಟ್ಟುಸಿರು ಬಿಡುವ ಮೊದಲು 1977ರ ಮಾರ್ಚ್ 27ರ ಕಥೆ ಕೇಳಿ. ದೊಡ್ಡವರು ಜೊತೆಗೆ ಕೂತು ಓದಿದರೆ ಒಳ್ಳೆಯದು, ಇದರಲ್ಲಿ ಬಹಳ ಸಾವು ಇದೆ. ಸ್ಪೇನಿಗೆ ಸೇರಿದ ಟೆನೆರೀಫ್ ಎಂಬ ದ್ವೀಪ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದು ಅಲ್ಲಿಗೆ ಹೋಗಬೇಕಾದ ವಿಮಾನಗಳೆಲ್ಲ ಇಲ್ಲಿ ಇಳಿದಿದ್ದವು. ಚಿಕ್ಕ ನಿಲ್ದಾಣ, ಒಂದೇ ರನ್‌ವೇ, ಮೇಲೆ ದಟ್ಟ ಮಂಜು. ಟವರಿನವರಿಗೆ ವಿಮಾನ ಕಾಣದು, ವಿಮಾನದವರಿಗೆ ಒಬ್ಬರಿಗೊಬ್ಬರು ಕಾಣರು. ರನ್‌ವೇಯ ಒಂದು ತುದಿಯಲ್ಲಿ ಹಾಲೆಂಡಿನ ಕೆಎಲ್ಎಂ ಕಂಪನಿಯ ಜಂಬೋ ಹೊರಡಲು ತಯಾರಾಗಿ ನಿಂತಿತ್ತು. ಅದೇ ರನ್‌ವೇಯ ಮೇಲೆ ಅಮೆರಿಕದ ಪ್ಯಾನ್ ಆಮ್ ಕಂಪನಿಯ ಜಂಬೋ ಇನ್ನೂ ನಿಧಾನವಾಗಿ ಎದುರಿನಿಂದ ಬರುತ್ತಿತ್ತು.

ಟವರಿನವರು ಕೆಎಲ್ಎಂಗೆ ದಾರಿಯ ಚೀಟಿ ಓದಿ ಹೇಳಿದರು. ಇಷ್ಟು ಎತ್ತರಕ್ಕೆ ಏರಿ, ಬಲಕ್ಕೆ ತಿರುಗಿ ಎಂದು. ಅದು ಬೋರ್ಡು ಮಾತ್ರ. ಸಹಪೈಲಟ್ ಅದನ್ನು ತಿರುಗಿ ಹೇಳುತ್ತಿರುವಾಗಲೇ ಕ್ಯಾಪ್ಟನ್ ವೇಗ ಹೆಚ್ಚಿಸಿದರು. ಅವರ ಕಿವಿಗೆ ಅದು "ರೈಟ್" ಎಂದು ಕೇಳಿಸಿತ್ತು. ಸಹಪೈಲಟ್ ಅವಸರದಲ್ಲಿ, ನಾವೀಗ ಟೇಕಾಫಿನಲ್ಲಿದ್ದೇವೆ ಎಂಬರ್ಥದ ಮಾತು ಸೇರಿಸಿದರು. ಓಡುತ್ತಿದ್ದೇವೆ ಎಂದೋ, ಓಡಲು ನಿಂತಿದ್ದೇವೆ ಎಂದೋ? ಟವರಿನವರು ಎರಡನೆಯದೆಂದು ತಿಳಿದು "ಓಕೆ" ಎಂದರು, ಒಂದು ಗಳಿಗೆ ಬಿಟ್ಟು, ಕಾಯಿರಿ, ನಾನು ಕರೆಯುತ್ತೇನೆ ಎಂದರು. ಅದೇ ಗಳಿಗೆಗೆ ಪ್ಯಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದು ಕೂಗಿದರು. ಒಂದೇ ತರಂಗದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಕೇಳುವುದಿಲ್ಲ, ಬರೀ ಕೀರಲು ಸದ್ದು. ಕೆಎಲ್ಎಂಗೆ ಸರಿಯಾಗಿ ಕೇಳಿಸಿದ್ದು ಆ "ಓಕೆ" ಒಂದೇ.

583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಒಂದು ಅಪಘಾತದಲ್ಲಿ ಇಷ್ಟು ಜನ ಸತ್ತದ್ದು ಮತ್ತೊಂದಿಲ್ಲ. ಪ್ಯಾನ್ ಆಮ್‌ನಲ್ಲಿದ್ದ 61 ಜನ ಮಾತ್ರ ಬದುಕಿದರು.

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡುವುದು ಮಂಜಲ್ಲ, ಕೀರಲು ಸದ್ದೂ ಅಲ್ಲ. ಕೆಎಲ್ಎಂನ ಕಾಕ್‌ಪಿಟ್ಟಿನಲ್ಲಿ ಮೂರನೆಯವರೊಬ್ಬರು ಇದ್ದರು, ಫ್ಲೈಟ್ ಎಂಜಿನಿಯರ್. ವಿಮಾನ ಓಡತೊಡಗಿದ ಮೇಲೆ ಅವರಿಗೆ ಅನುಮಾನ ಬಂತು. ಆ ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿಯೂ ಬಿಟ್ಟರು. ಬಿಟ್ಟಿದೆ ಎಂದು ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಆ ಕ್ಯಾಪ್ಟನ್ ಸಾಮಾನ್ಯರಲ್ಲ. ಕಂಪನಿಯ ಜಂಬೋ ಪೈಲಟ್‌ಗಳಿಗೆಲ್ಲ ಕಲಿಸುವ ಮುಖ್ಯ ಗುರು, ಕಂಪನಿಯ ಜಾಹೀರಾತಿನಲ್ಲಿ ಅವರದೇ ಫೋಟೋ ಇತ್ತು. ಗುರುವೇ ಹೌದು ಎಂದ ಮೇಲೆ ಶಿಷ್ಯ ಎರಡನೇ ಸಲ ಕೇಳುವುದುಂಟೆ? ಅವರು ಸುಮ್ಮನಾದರು.

"ದೊಡ್ಡೋರಿಗಿ ಎದುರು ಮಾತಾಡಬ್ಯಾಡ" ಎಂದು ನಮ್ಮ ಕಡೆ ಮಕ್ಕಳಿಗೆ ಹೇಳಿಕೊಡುತ್ತೇವೆ. ಅದರಲ್ಲಿ ಮರ್ಯಾದೆ ಇದೆ, ಒಪ್ಪುತ್ತೇನೆ. ಆದರೆ "ಮುತ್ಯಾ, ಗ್ಯಾಸ್ ವಾಸನಿ ಬರಲಿಕತ್ತದ" ಎಂದು ಮೊಮ್ಮಗಳು ಹೇಳಿದಾಗ "ನಿಂಗೇನ್ ತಿಳಿತದ, ಸುಮ್ಮ ಕೂಡು" ಎನ್ನುವ ಮುತ್ಯಾನ ಮನೆಯಲ್ಲಿ ಆ ಮರ್ಯಾದೆಯಿಂದ ಏನು ಉಪಯೋಗ? ಟೆನೆರೀಫ್ ಆದ ಮೇಲೆ ವಿಮಾನ ಕಂಪನಿಗಳು ಕಿರಿಯರಿಗೆ ಮಾತಾಡುವುದನ್ನು, ಹಿರಿಯರಿಗೆ ಕೇಳುವುದನ್ನು ಪಾಠ ಮಾಡಿ ಕಲಿಸತೊಡಗಿದವು. ಈಗ ಸಹಪೈಲಟ್ ಆಗುವವರಿಗೆ ಅನುಮಾನ ಬಂದರೆ ಹೇಳಬೇಕು, ಉತ್ತರ ಸರಿ ಅನ್ನಿಸದಿದ್ದರೆ ಮತ್ತೆ ಹೇಳಬೇಕು, ಕೊನೆಗೆ ಬೇಕಾದರೆ ತಾನೇ ತಡೆಯಬೇಕು ಎಂದು ಅಭ್ಯಾಸ ಮಾಡಿಸುತ್ತಾರೆ. ಇನ್ನೊಂದು ಬದಲಾವಣೆಯೂ ಆಯಿತು. ಅದು ಸಣ್ಣದು, ಆದರೆ ನನಗೆ ಬಹಳ ಇಷ್ಟ. "ಟೇಕಾಫ್" ಎಂಬ ಶಬ್ದವನ್ನು ನಿಜವಾಗಿ ನೆಲ ಬಿಡುವ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ರೇಡಿಯೋದಲ್ಲಿ ಬಳಸಬೇಕು. ಉಳಿದ ಎಲ್ಲ ಕಡೆ "ಡಿಪಾರ್ಚರ್". ಕಂಡಕ್ಟರ್ ಹರಟೆಯಲ್ಲಿ "ರೈಟ್" ಎಂಬ ಶಬ್ದ ಆಡಲೇಬಾರದು ಎಂದ ಹಾಗೆ.

ನಮ್ಮ ದೇಶದಲ್ಲೂ ಒಂದು ದೊಡ್ಡ ದುಃಖ ಇದೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರಖಿ ದಾದರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದವು. ದಿಲ್ಲಿಯಿಂದ ಹೊರಟ ಸೌದಿ ವಿಮಾನಕ್ಕೆ 14 ಸಾವಿರ ಅಡಿಯಲ್ಲಿ ನಿಲ್ಲಲು ಹೇಳಿದ್ದರು. ದಿಲ್ಲಿಗೆ ಬರುತ್ತಿದ್ದ ಕಝಾಕಸ್ತಾನದ ವಿಮಾನಕ್ಕೆ 15 ಸಾವಿರ. ನಡುವೆ ಸಾವಿರ ಅಡಿ, ನಮ್ಮ ಆಳಂದದ ಹುಡುಗನಿಗೆ ಹೇಳಿದ ಅದೇ ಒಂದು ಮಹಡಿ. ಹೊರಟ ವಿಮಾನ ತನಗೆ ಕೊಟ್ಟ ಎತ್ತರದಲ್ಲಿತ್ತು, ಬರುವ ವಿಮಾನ ತನ್ನದಕ್ಕಿಂತ ಕೆಳಗೆ ಇಳಿಯಿತು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಗ ದಿಲ್ಲಿಯಲ್ಲಿ ಬರುವವರಿಗೂ ಹೋಗುವವರಿಗೂ ಒಂದೇ ದಾರಿ, ರಾಡಾರಿಗೆ ವಿಮಾನದ ಎತ್ತರ ಕಾಣುತ್ತಿರಲಿಲ್ಲ. ಆಮೇಲೆ ದಾರಿಗಳನ್ನು ಬೇರೆ ಮಾಡಿದರು. ಎದುರು ವಿಮಾನ ಬಂದರೆ ತಾನೇ "ಏರು", "ಇಳಿ" ಎಂದು ಕೂಗಿ ಎಚ್ಚರಿಸುವ ಟಿಕಾಸ್ ಯಂತ್ರವನ್ನು ಕಡ್ಡಾಯ ಮಾಡಿದರು. ಆ ಕಝಾಕ್ ವಿಮಾನದವರಿಗೆ ಇಂಗ್ಲಿಷ್ ಸರಿಯಾಗಿ ತಿಳಿಯದಿದ್ದುದೂ ಒಂದು ಕಾರಣ ಎಂದು ತನಿಖೆ ಹೇಳಿತು. 2008ರಿಂದ ಜಗತ್ತಿನ ಎಲ್ಲ ಕಡೆ ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳಿಗೂ ಅವರೊಡನೆ ಮಾತಾಡುವ ನಿಯಂತ್ರಕರಿಗೂ ಇಂಗ್ಲಿಷ್ ಮಾತಿನ ಪರೀಕ್ಷೆ ಬಂತು.

ತಪ್ಪು ಯಾವಾಗಲೂ ಪೈಲಟ್‌ನದೇ ಎಂದು ತಿಳಿಯಬೇಡಿ. ಚೀಟಿಗೆ ಎರಡು ತುದಿ, ಕೊಡುವ ಕೈಯಲ್ಲೂ ತಪ್ಪಾಗಬಹುದು. ಇದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 2022ರ ಜನವರಿಯ ಒಂದು ಬೆಳಗ್ಗೆ. ಕೆಂಪೇಗೌಡ ನಿಲ್ದಾಣದಲ್ಲಿ ಎರಡು ರನ್‌ವೇ, ಒಂದರ ಪಕ್ಕ ಒಂದು. ಆ ದಿನ ಉತ್ತರದ್ದು ಹೊರಡುವವರಿಗೆ, ದಕ್ಷಿಣದ್ದು ಇಳಿಯುವವರಿಗೆ ಎಂದು ಇತ್ತು. ನಡುವೆ ದಕ್ಷಿಣದ್ದನ್ನು ನಿಲ್ಲಿಸಿ ಎಲ್ಲವನ್ನೂ ಉತ್ತರದಲ್ಲೇ ನಡೆಸುವುದೆಂದು ತೀರ್ಮಾನವಾಯಿತು. ಆ ಮಾತು ದಕ್ಷಿಣದ ರನ್‌ವೇ ನೋಡುತ್ತಿದ್ದ ನಿಯಂತ್ರಕರಿಗೆ ಮುಟ್ಟಲಿಲ್ಲ. ಅವರು ಕೋಲ್ಕತಾಗೆ ಹೊರಟ ಇಂಡಿಗೋ ವಿಮಾನಕ್ಕೆ ಅನುಮತಿ ಕೊಟ್ಟರು. ಅದೇ ಹೊತ್ತಿಗೆ ಉತ್ತರದವರು ಭುವನೇಶ್ವರಕ್ಕೆ ಹೊರಟ ಇನ್ನೊಂದು ಇಂಡಿಗೋಗೆ ಕೊಟ್ಟರು. ಎರಡೂ ಒಟ್ಟಿಗೆ ಎದ್ದವು, ಒಂದೇ ದಿಕ್ಕಿಗೆ, ಹತ್ತಿರ ಹತ್ತಿರ ಬರುತ್ತ. ಎರಡೂ ವಿಮಾನದ ಪೈಲಟ್‌ಗಳು ತಮಗೆ ಹೇಳಿದ್ದನ್ನೇ ಮಾಡುತ್ತಿದ್ದರು.

ಎರಡರಲ್ಲೂ ಸೇರಿ 426 ಜನ. ರಾಡಾರ್ ಪರದೆಯ ಮುಂದೆ ಕುಳಿತಿದ್ದ ನಿಯಂತ್ರಕರೊಬ್ಬರು ಎರಡು ಚುಕ್ಕಿಗಳು ಕೂಡಿಬರುವುದನ್ನು ನೋಡಿದರು. ತಕ್ಷಣ ಎರಡಕ್ಕೂ ಬೇರೆ ಬೇರೆ ದಿಕ್ಕು ಹೇಳಿ ತಿರುಗಿಸಿದರು. ಮುಗಿಯಿತು. ಒಳಗೆ ಕೂತವರಲ್ಲಿ ಕೆಲವರು ವಿಮಾನ ಯಾಕೋ ವಾಲಿತಲ್ಲ ಎಂದುಕೊಂಡಿರಬಹುದು.

ಆದರೆ ಈ ಘಟನೆಯನ್ನು ಯಾವ ದಾಖಲೆ ಪುಸ್ತಕದಲ್ಲೂ ಬರೆಯಲಿಲ್ಲ, ವರದಿಯೂ ಮಾಡಲಿಲ್ಲ ಎಂದು ಆಮೇಲೆ ಡಿಜಿಸಿಎ ಅಧಿಕಾರಿಗಳು ಹೇಳಿದರು. ನನಗೆ ಸಿಟ್ಟು ಬಂದದ್ದು ಇಲ್ಲಿ. ಮಾತು ಮುಟ್ಟದೆ ಹೋಗುವುದು ಮನುಷ್ಯರ ನಡುವೆ ಆಗುವಂಥದ್ದೇ. ಆದದ್ದನ್ನು ಬರೆದಿಡದೆ ಬಿಡುವುದು ಹಾಗಲ್ಲ, ಅದನ್ನು ತಡೆಯಬಹುದಿತ್ತು. ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆಂದರೆ, 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಹತ್ತಿರ ಟಿಡಬ್ಲ್ಯೂಎ ಕಂಪನಿಯ ವಿಮಾನ ಗುಡ್ಡಕ್ಕೆ ಬಡಿದು 92 ಜನ ಸತ್ತರು. ಇಳಿಯಲು ಅನುಮತಿ ಸಿಕ್ಕಿತೆಂದರೆ ಈಗಲೇ ಕೆಳಗೆ ಹೋಗಬಹುದು ಎಂದು ಪೈಲಟ್‌ಗಳು ತಿಳಿದರು. ಗುಡ್ಡ ದಾಟುವ ತನಕ ಮೇಲೇ ಇರಬೇಕಿತ್ತು. ತನಿಖೆಯಲ್ಲಿ ಹೊರಬಿದ್ದ ಸಂಗತಿ ಇದು: ಕೆಲವೇ ವಾರಗಳ ಮುಂಚೆ ಬೇರೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ ಅದೇ ಮಾತನ್ನು ಅದೇ ರೀತಿ ತಪ್ಪಾಗಿ ತಿಳಿದು ಸ್ವಲ್ಪದರಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಹೇಳಿತ್ತು. ಪಕ್ಕದ ಮನೆಯವರಿಗೆ ಸುದ್ದಿ ಹೋಗಲೇ ಇಲ್ಲ. ನಮ್ಮ ಅಂಗಳದ ಹಾವು ಪಕ್ಕದವರ ಅಂಗಳಕ್ಕೆ ಹೋಯಿತು, ನಾವು ನಮ್ಮ ಮಕ್ಕಳನ್ನಷ್ಟೇ ಒಳಗೆ ಕರೆದೆವು.

ಅದಾದ ಮೇಲೆ 1976ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಒಂದು ಟಪಾಲು ಪೆಟ್ಟಿಗೆ ಇಟ್ಟಿತು ಎನ್ನಬಹುದು. ಪೈಲಟ್, ನಿಯಂತ್ರಕ, ಯಾರೇ ಆಗಲಿ, ತಮ್ಮಿಂದಾದ ಅಥವಾ ಕಂಡ ತಪ್ಪನ್ನು ಬರೆದು ಹಾಕಬಹುದು. ಬರೆದವರ ಹೆಸರನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಎಲ್ಲರಿಗೂ ಓದಲು ಕೊಡುತ್ತಾರೆ. ಶಿಕ್ಷೆ ಕೊಡಲು ಅಲ್ಲ, ಕಲಿಯಲು. ಹತ್ತು ಸಾವಿರ ಮತ್ತು ಹನ್ನೊಂದು ಸಾವಿರದ ಗೊಂದಲ ತಿಳಿದದ್ದು ಇಂಥ ಪತ್ರಗಳಿಂದಲೇ. ನಮ್ಮ ದೇಶದಲ್ಲೂ ಸ್ವಇಚ್ಛೆಯಿಂದ ಬರೆದು ತಿಳಿಸುವ ವ್ಯವಸ್ಥೆ ಇದೆ. ಆದರೆ ತಪ್ಪು ಒಪ್ಪಿದವರ ಕಿವಿ ಹಿಂಡುವ ಅಭ್ಯಾಸ ನಮ್ಮ ಶಾಲೆಯಿಂದಲೇ ಶುರುವಾಗುತ್ತದಲ್ಲ, ಅಂಥವರು ದೊಡ್ಡವರಾಗಿ ಸುಲಭಕ್ಕೆ ಬರೆಯುತ್ತಾರೆಯೇ?

ಜೇವರ್ಗಿಯ ತಾಯಿಯವರೇ, ಈಗ ನಿಮ್ಮ ಪ್ರಶ್ನೆ. ಕಳಿಸಿರಿ. ಮೇಲೆ ಬರೆದದ್ದನ್ನೆಲ್ಲ ಓದಿ ಹೆದರಿದ್ದರೆ ಇದನ್ನೂ ಓದಿ. ಈ ಒಂದೊಂದು ಕಥೆಯ ಹಿಂದೆ ಒಂದೊಂದು ನಿಯಮ ಹುಟ್ಟಿದೆ, ಆ ನಿಯಮಗಳ ಮೇಲೆಯೇ ನಿಮ್ಮ ಮಗ ಹಾರುವುದು. ಹತ್ತನೆಯದಾದ ಮೇಲೆ ವಿಜ್ಞಾನ ತೆಗೆದುಕೊಂಡು ಹನ್ನೆರಡನೆಯದರಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು. ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 18 ವರ್ಷ ತುಂಬಿ, 200 ಗಂಟೆ ಹಾರಿರಬೇಕು. ಖರ್ಚು ಬಹಳ, ಅದನ್ನು ಮುಚ್ಚಿಡುವುದಿಲ್ಲ. ಹಾರಾಟದ ತರಬೇತಿ ಈಗ ಕಲಬುರಗಿಯಲ್ಲೂ ಬಂದಿದೆ. ಚಿಕ್ಕ ವಿಮಾನಗಳು ಸುತ್ತು ಹಾಕುವುದನ್ನು ನಿಮ್ಮ ಕಡೆಯವರು ನೋಡಿರಬಹುದು.

ಕನ್ನಡ ಶಾಲೆಯ ಹುಡುಗ, ಇಂಗ್ಲಿಷ್ ಹೇಗೆ ಎಂದು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ. ಅದನ್ನೇ ದೊಡ್ಡ ಅಕ್ಷರದಲ್ಲಿ ಕೇಳಬೇಕಿತ್ತು. ರೇಡಿಯೋ ಇಂಗ್ಲಿಷ್ ಕಥೆ ಕವಿತೆಯ ಇಂಗ್ಲಿಷ್ ಅಲ್ಲ. ಗೊತ್ತು ಮಾಡಿದ ಕೆಲವು ನೂರು ಮಾತುಗಳು, ಗೊತ್ತು ಮಾಡಿದ ಕ್ರಮ. ಅದರ ಜೊತೆಗೆ ಅನಿರೀಕ್ಷಿತ ಪರಿಸ್ಥಿತಿಯಲ್ಲಿ ಸರಳವಾಗಿ ವಿವರಿಸುವಷ್ಟು ಇಂಗ್ಲಿಷ್ ಬೇಕು. ಇನ್ನೂ ನಾಲ್ಕೈದು ವರ್ಷ ಇದೆ, ಕಲಿಯುತ್ತಾನೆ. ಅದಕ್ಕಿಂತ ಮೊದಲು ಒಂದು ಅಭ್ಯಾಸ ಮನೆಯಲ್ಲೇ ಮಾಡಿಸಬಹುದು, ಕನ್ನಡದಲ್ಲೇ. ಉಳಿದ ಮಕ್ಕಳೂ ಆಡಬಹುದು.

ಮೂವರು ಬೇಕು. ಒಬ್ಬರು ಟವರ್, ಒಬ್ಬರು ಪೈಲಟ್, ಒಬ್ಬರು ಗದ್ದಲ. ಟವರ್ ಒಂದು ಚೀಟಿ ಬರೆದು ಒಂದೇ ಸಲ, ಓಡುವ ಮಾತಿನಲ್ಲಿ ಓದಬೇಕು: "ಜೇವರ್ಗಿ ಏಳು ಸೊನ್ನೆ ಎರಡು, ಬೆಂಗಳೂರಿನವರೆಗೆ ಅನುಮತಿ, ಭೀಮಾ ದಾರಿ, ಮೊದಲು ಆರು ಸಾವಿರ ಅಡಿ, ಸಂಖ್ಯೆ ನಾಲ್ಕು ಒಂದು ಆರು ಮೂರು." ಗದ್ದಲ ಪಕ್ಕದಲ್ಲಿ ತಾಟು ಬಾರಿಸಬೇಕು. ಪೈಲಟ್ ಬರೆದುಕೊಂಡು ತಿರುಗಿ ಓದಬೇಕು. ಟವರ್ ಒಂದೊಂದು ಸಲ ಬೇಕೆಂದೇ ದಾರಿ ಬದಲಿಸಬೇಕು, ಭೀಮಾ ಬದಲು ಅಮರ್ಜಾ ಎನ್ನಬೇಕು. ಪೈಲಟ್ ಬೇಕೆಂದೇ ಒಂದು ಅಂಕಿ ತಪ್ಪಾಗಿ ತಿರುಗಿ ಹೇಳಬೇಕು, ಟವರ್ ಅದನ್ನು ಹಿಡಿಯಬೇಕು. ಹಿಡಿಯದಿದ್ದರೆ ಟವರ್ ಔಟ್. ಮುತ್ಯಾ ಟವರ್ ಆದರೂ ನಿಯಮ ಅದೇ. ಅವರನ್ನು ಔಟ್ ಎನ್ನಲು ಸಂಕೋಚ ಬೇಡ.

ಈ ವಾರದ ಲೆಕ್ಕ: ಆ ನಾಲ್ಕು ಅಂಕಿಯ ಸಂಖ್ಯೆಯಲ್ಲಿ 8 ಮತ್ತು 9 ಬಳಸುವುದೇ ಇಲ್ಲ, 0ಯಿಂದ 7ರವರೆಗೆ ಮಾತ್ರ. ಒಂದೇ ಅಂಕಿ ಮತ್ತೆ ಮತ್ತೆ ಬರಬಹುದು. ಹಾಗಾದರೆ ಒಟ್ಟು ಎಷ್ಟು ಸಂಖ್ಯೆಗಳು ಆಗುತ್ತವೆ? ಅದರಲ್ಲಿ 7500 ವಿಮಾನ ಅಪಹರಣಕ್ಕೆ, 7600 ರೇಡಿಯೋ ಕೆಟ್ಟಾಗ, 7700 ಇತರ ತುರ್ತು ಸ್ಥಿತಿಗೆ ಮೀಸಲು. ಈ ಮೂರನ್ನು ಕಳೆದರೆ ಎಷ್ಟು ಉಳಿಯಿತು? ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಿ, ಊರಿನ ಪಿನ್‌ಕೋಡ್ ಬರೆಯುವಾಗ ಒಂದೊಂದೇ ಅಂಕಿ ಬಿಡಿಸಿ ಬರೆಯಿರಿ.